ಹೋಗಬಾರದ ತಂತಿ

ಜನವರಿ 14, ಮಂಗಳವಾರ

ಡಾಕ್ಟರು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತಾಗಲೇ ಗೊತ್ತಾಯಿತು. ಬಲಗಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಅನ್ನುವಷ್ಟು ತಿಳಿಯುತ್ತದೆ. ಇನ್ನು ಅದಕ್ಕಿಂತ ಹೆಚ್ಚು ಬರುವುದಿಲ್ಲ, ಇನ್ನೊಂದು ಆಪರೇಷನ್ ಮಾಡಿದರೂ ಬರುವುದಿಲ್ಲ. ಮಧ್ಯಾಹ್ನಕ್ಕೇ ಕತ್ತಲಾಗುವ ಈ ಊರಿನ ಜನವರಿಯಲ್ಲಿ ಎರಡು ಕಣ್ಣಿದ್ದವರಿಗೂ ಕಾಣುವುದು ಅಷ್ಟೇ ಅಂತ ತಮಾಷೆ ಮಾಡಿದೆ. ಡಾಕ್ಟರು ನಗಲಿಲ್ಲ.

ಬಸ್ಸಿನಲ್ಲಿ ಸುಧೀರ್ ನನ್ನ ಕೈ ಹಿಡಿದುಕೊಂಡು ಕೂತ. ಬಲಗಡೆ ಕೂತಿದ್ದ. ಅತ್ತನೋ ಏನೋ, ಕಾಣಿಸಲಿಲ್ಲ.

ಸಿಟ್ಟು ಬಂದಾಗ ಬರೆಯಿರಿ ಅಂತ ಆಸ್ಪತ್ರೆಯ ಕೌನ್ಸೆಲರ್ ಹೇಳಿದ್ದಾಳೆ. ಕನ್ನಡದಲ್ಲಿ ಬರೆಯುತ್ತೇನೆ. ಮಗಳಿಗೆ ಓದಲು ಬರುವುದಿಲ್ಲ, ಗಂಡ ಇನ್ನೊಬ್ಬರ ಪುಸ್ತಕ ಮುಟ್ಟುವವನಲ್ಲ. ಹಾಗಾಗಿ ನಿಜವನ್ನೇ ಬರೆಯಬಹುದು.

ಗೋಪೀನಾಥನಿಗೆ ಕೆಟ್ಟದಾಗಲಿ. ಚೆನ್ನಾಗಿ ಕೆಟ್ಟದಾಗಲಿ.

ಜನವರಿ 19, ಭಾನುವಾರ

ಒಂದು ಸಲ ಮೊದಲಿಂದ ಬರೆದುಬಿಡುತ್ತೇನೆ. ತಲೆಯಲ್ಲಿ ತಿರುಗಿಸಿ ತಿರುಗಿಸಿ ಸಾಕಾಗಿದೆ.

ಗೋಪಿ ಮಂಡ್ಯದ ಹುಡುಗ. ಆರು ವರ್ಷದ ಹಿಂದೆ ಸ್ವೀಡನ್ನಿನ ಈ ಲುಲೆಯೊಗೆ ಬಂದ, ಡೇಟಾ ಸೆಂಟರ್‌ನಲ್ಲಿ ಕೆಲಸ. ಮೊದಲ ಚಳಿಗಾಲವೆಲ್ಲ ಭಾನುವಾರದ ಊಟ ನಮ್ಮ ಮನೆಯಲ್ಲೇ. ಅಕ್ಕ, ಅಕ್ಕ ಅಂತ ಅಡುಗೆಮನೆಗೇ ಬಂದು ನಿಲ್ಲುತ್ತಿದ್ದ. ಯೂನಿವರ್ಸಿಟಿ, ಮನೆ, ಯೂನಿವರ್ಸಿಟಿ ಅಂತ ಕೊಳೆಯುತ್ತಿದ್ದ ನನ್ನನ್ನು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದವನೂ ಅವನೇ. ನಳಿಗೆಯ ಬಾಯಿಂದ ಕರಿಮದ್ದು, ಆಮೇಲೆ ಗುಂಡು ಹಾಕಿ, ಗಜ ಅನ್ನುವ ಉದ್ದ ಕಡ್ಡಿಯಿಂದ ಒತ್ತಿ, ಹಿಂದುಗಡೆ ಒಂದು ಪುಟ್ಟ ಕೇಪು ಕೂರಿಸಿ ಹೊಡೆಯುವ ಹಳೇ ಕಾಲದ ಕೋವಿಗಳು. ಇಲ್ಲಿ ಅದೊಂದು ಹವ್ಯಾಸ. ಲೈಸೆನ್ಸು ಉಂಟು, ಮಧ್ಯೆ ಫೀಕಾ ಅಂತ ಕಾಫಿ, ಬನ್ನಿನ ಬಿಡುವು ಉಂಟು. ಮೊದಲ ದಿನದ ಆ ಬಿಳಿ ಹೊಗೆಗೇ ನಾನು ಸೋತುಹೋದೆ.

ಕೇಪು ಕೂರುವ ಜಾಗದಲ್ಲಿ ಉಕ್ಕಿನ ಒಂದು ಸಣ್ಣ ಮೂತಿ ಇರುತ್ತದೆ, ಅದರ ನಡುವೆ ಸೂಜಿ ಹೋಗುವಷ್ಟು ತೂತು. ಹ್ಯಾಮರ್ ಬಡಿದಾಗ ಕೇಪಿನ ಕಿಡಿ ಆ ತೂತಿನಿಂದ ಒಳಗೆ ಹೋಗಿ ಮದ್ದು ಹತ್ತಿಸುತ್ತದೆ. ತೂತು ದೊಡ್ಡದಾದರೆ ಕಿಡಿ ಸಲೀಸಾಗಿ ಹೋಗುತ್ತದೆ, ನಿಜ. ಆದರೆ ಒಳಗಿನ ಬೆಂಕಿಯೂ ಅಷ್ಟೇ ಸಲೀಸಾಗಿ ಮುಖದ ಕಡೆ ವಾಪಸ್ಸು ಬರುತ್ತದೆ.

ನನ್ನ ಕೋವಿ ಚಳಿಯಲ್ಲಿ ಆಗಾಗ ಕೈ ಕೊಡುತ್ತಿತ್ತು. “ಆ ಮೂತಿ ಕೊಡಿ ಅಕ್ಕ, ಹೊಸಾದು ಹಾಕಿಸಿಕೊಡ್ತೀನಿ” ಅಂದ. ವಾರ ಬಿಟ್ಟು ತಂದು ತಿರುಗಿಸಿ ಕೂರಿಸಿದ. “ನಂದಕ್ಕೂ ಇಂಥದ್ದೇ ಹಾಕ್ಕೊಂಡಿದೀನಿ. ಇನ್ನು ಮೈನಸ್ ಇಪ್ಪತ್ತರಲ್ಲೂ ಮಿಸ್ ಆಗಲ್ಲ ನೋಡಿ.” ಹೊಸದಲ್ಲ, ಹಳೆಯದನ್ನೇ ತನ್ನ ಗ್ಯಾರೇಜಿನಲ್ಲಿ ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿದ್ದ. ಕೇಪು ಕೂರಿಸುವಾಗ ತೂತಿನ ಅಂಚು ಹೊಳೆಯುತ್ತಿದ್ದದ್ದು ಕಂಡಿತ್ತು. ಹೊಸದಲ್ಲವಾ, ಹೊಳೆಯುತ್ತೆ ಅಂದುಕೊಂಡೆ.

ಹೋದ ಸೆಪ್ಟೆಂಬರ್, ಮೂರನೇ ಗುಂಡಿಗೆ ಹ್ಯಾಮರ್ ಹಿಂದಕ್ಕೆ ಚಿಮ್ಮಿತು. ಕೇಪಿನ ಚೂರು ಕನ್ನಡಕದ ಕೆಳಗಿನ ಸಂದಿಯಿಂದ ನುಗ್ಗಿತು.

ಎಲ್ಲರೂ ನನ್ನ ಸುತ್ತ ಇದ್ದಾಗ ಅವನು ಆ ಮೂತಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ, ಬೇರೆ ದಾರಿಯೇ ಇಲ್ಲ. ಪೊಲೀಸರಿಗೆ “ಸಿಡಿದು ಹಾರಿಹೋಗಿರಬೇಕು” ಅಂದ. ಹಾರಿಹೋಗಿದ್ದರೆ ನಳಿಗೆಯಲ್ಲಿ ಅದು ಕೂರುವ ತಿರುಪಿನ ಗೆರೆಗಳು ಕಿತ್ತುಬರಬೇಕಿತ್ತು. ಒಂದು ಗೆರೆಯೂ ಅಲುಗಿಲ್ಲ. ಲೋಹ ಹೇಗೆ ಮುರಿಯುತ್ತದೆ ಅನ್ನುವುದನ್ನೇ ಓದಿ ಹೊಟ್ಟೆ ಹೊರೆಯುವವಳು ನಾನು. ನನ್ನ ಮಾತು ಕೇಳಿಕೊಂಡರು, ಸಾಕ್ಷಿ ಸಾಲದು ಅಂದರು. ಕ್ಲಬ್ಬಿನವರು ಕೇಳಿದಾಗ ಗೋಪಿ ಹೇಳಿದ್ದು: “ಅಕ್ಕ ಮದ್ದು ಜಾಸ್ತಿ ಹಾಕಿರಬೇಕು.”

ಕಣ್ಣು ಹೋದದ್ದಕ್ಕೆ ಅವನನ್ನು ಕ್ಷಮಿಸಿಬಿಡುತ್ತಿದ್ದೆನೋ ಏನೋ. ಆ ಮಾತಿಗೆ ಇಲ್ಲ.

ಜನವರಿ 23, ಗುರುವಾರ

ಚಹಾ ಲೋಟಕ್ಕೆ ಸುರಿದೆ. ಲೋಟದ ಪಕ್ಕಕ್ಕೆ ಬಿತ್ತು. ಒಂದು ಕಣ್ಣಿಗೆ ದೂರ, ಹತ್ತಿರ ತಿಳಿಯುವುದಿಲ್ಲ. ಮಗಳು ದಿಶಾ ಮೆಲ್ಲಗೆ ಬಟ್ಟೆ ತಂದು ಒರೆಸಿದಳು. ಹದಿನೈದು ವರ್ಷದ ಹುಡುಗಿ ಇಷ್ಟು ಮೆಲ್ಲಗೆ ನಡೆದುಕೊಳ್ಳಬಾರದು. ಇದನ್ನೂ ಗೋಪಿಯ ಲೆಕ್ಕಕ್ಕೇ ಬರೆಯುತ್ತೇನೆ.

ಫೆಬ್ರವರಿ 2, ಭಾನುವಾರ

ಪೊಲೀಸರು ವಾಪಸ್ಸು ಕೊಟ್ಟ ಕೋವಿಯನ್ನು ಇವತ್ತು ಬೀರುವಿನಿಂದ ತೆಗೆದು ನಮ್ಮ ಗ್ಯಾರೇಜಿಗೆ ತಂದೆ. ಖಾಲಿ ಅಂತ ಗೊತ್ತಿದ್ದರೂ ಗಜ ಇಳಿಸಿ ನೋಡಿದೆ. ಮದ್ದನ್ನು ಗ್ಯಾರೇಜಿನೊಳಗೆ ತರುವುದೇ ಇಲ್ಲ.

ಮತ್ತೆ ಹೊಡೆಯುತ್ತೇನೆ. ಕ್ಲಬ್ಬಿನ ಜೂನ್ ಪಂದ್ಯದಲ್ಲಿ, ಅವನ ಕಣ್ಣೆದುರಿಗೆ.

ತೊಂದರೆ ಏನೆಂದರೆ ನನಗೆ ಉಳಿದಿರುವುದು ಎಡಗಣ್ಣು. ಎಡಭುಜಕ್ಕೆ ಇಟ್ಟುಕೊಂಡರೆ ಕೇಪು ಸಿಡಿಯುವ ಕಡೆಯೇ ಕೆನ್ನೆ ಬರುತ್ತದೆ, ಅದು ಆಗದು. ಬಲಭುಜದಲ್ಲೇ ಇಟ್ಟು ಎಡಗಣ್ಣಿಂದ ಗುರಿ ನೋಡಬೇಕಾದರೆ ಕೋವಿಯ ಮರ ನೆಟ್ಟಗಿರಬಾರದು, ಭುಜದಿಂದ ಮೂಗಿನ ಆಚೆಗೆ ಡೊಂಕಾಗಿ ಬರಬೇಕು. ಹಳೇ ಕಾಲದಲ್ಲಿ ಒಕ್ಕಣ್ಣಿನ ಶ್ರೀಮಂತರು ಹಾಗೆ ಮಾಡಿಸಿಕೊಳ್ಳುತ್ತಿದ್ದರಂತೆ. ನನಗೆ ಮಾಡಿಕೊಡುವವರಿಲ್ಲ, ನಾನೇ ಕೆತ್ತುತ್ತೇನೆ. ನಳಿಗೆಗೆ, ಅದರ ತಿರುಪಿಗೆ ನಾನು ಕೈ ಹಾಕುವುದಿಲ್ಲ. ಹೊಸ ಮೂತಿಯನ್ನು ಅಂಗಡಿಯ ಕೋವಿ ರಿಪೇರಿಯವರೇ ಅಳತೆ ನೋಡಿ ಕೂರಿಸಲಿ. ಮರ ಮಾತ್ರ ನನ್ನದು.

ಸುಧೀರ್ ಬಾಗಿಲಲ್ಲಿ ನಿಂತು, “ಮಾಲತಿ, ಇದೆಲ್ಲ ಬೇಕಾ? ಬೇರೆ ಏನಾದ್ರೂ ಹಾಬಿ...” ಅಂದ.

“ಬಾಗಿಲು ಹಾಕು. ಚಳಿ ಒಳಗೆ ಬರ್ತಿದೆ.”

ಫೆಬ್ರವರಿ 9, ಭಾನುವಾರ

ಉಳಿ ಹೆಬ್ಬೆರಳಿಗೆ ಹೋಯಿತು. ಮರ ಅಷ್ಟು ಹತ್ತಿರ ಇದೆ ಅಂತ ಗೊತ್ತಾಗಲಿಲ್ಲ. ಮೂರು ಹೊಲಿಗೆ.

ಫೆಬ್ರವರಿ 15, ಶನಿವಾರ

ಒಂದು ವಿಷಯ ಹೊಳೆಯಿತು. ಹೊಳೆದದ್ದಲ್ಲ, ಅಲ್ಲೇ ಇತ್ತು, ನಾನು ನೋಡಿರಲಿಲ್ಲ.

“ನಂದಕ್ಕೂ ಇಂಥದ್ದೇ ಹಾಕ್ಕೊಂಡಿದೀನಿ.”

ಅವನ ಕೋವಿಯಲ್ಲೂ ಅದೇ ಕೊರೆದ ಮೂತಿ ಇದೆ. ಈಗ ರೇಂಜಿನ ಮೇಲೆ ಮೊಳಕಾಲುದ್ದ ಹಿಮ, ಯಾರೂ ಹೊಡೆಯುವುದಿಲ್ಲ. ಮೇ ತಿಂಗಳಲ್ಲಿ ಹಿಮ ಕರಗುತ್ತದೆ. ಅವನು ಕೋವಿ ಎತ್ತುತ್ತಾನೆ. ಮೊದಲನೇ ಗುಂಡಿಗೋ, ಮೂರನೇ ಗುಂಡಿಗೋ.

ನಾನು ಏನೂ ಮಾಡಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಯಾವ ಕಾನೂನೂ ಅದನ್ನು ಅಪರಾಧ ಅನ್ನಲಿಕ್ಕಿಲ್ಲ.

ಇವತ್ತು ಎರಡು ತಟ್ಟೆ ಬಿಸಿಬೇಳೆಬಾತ್ ತಿಂದೆ. ಸುಧೀರನಿಗೆ ಖುಷಿಯೋ ಖುಷಿ.

ಮಾರ್ಚ್ 8, ಶನಿವಾರ

ಕ್ಲಬ್ಬಿನ ವಾರ್ಷಿಕ ಸಭೆ. ಸೆಪ್ಟೆಂಬರ್ ಆದಮೇಲೆ ಇದೇ ಮೊದಲ ಸಲ ಹೋದದ್ದು. ಎಲ್ಲರೂ ನನ್ನ ಮುಖ ಬಿಟ್ಟು ಸ್ವೆಟರ್ ನೋಡಿ ಮಾತಾಡಿದರು. ಗೋಪಿ ಬಂದಿರಲಿಲ್ಲ.

ಅಧ್ಯಕ್ಷೆ ಗುನ್-ಬ್ರಿಟ್‌ಗೆ ಎಪ್ಪತ್ತು ದಾಟಿದೆ. ಕಿರುನಾದ ಗಣಿಯಿಂದ ಅದಿರಿನ ರೈಲು ಓಡಿಸಿ ನಿವೃತ್ತಳಾದವಳು, ಮಾತಿಗೆ ಮಾತು ಸೇರಿಸುವವಳಲ್ಲ. ಈ ವರ್ಷದಿಂದ ಪಂದ್ಯಕ್ಕೆ ಮುಂಚೆ ಪ್ರತಿಯೊಂದು ಕೋವಿಯನ್ನೂ ಯಾರಾದರೂ ಪರೀಕ್ಷೆ ಮಾಡಬೇಕು, ಯಾರು ಮಾಡುತ್ತೀರಿ ಅಂತ ಕೇಳಿದಳು. ಎಲ್ಲರೂ ಕಾಫಿ ಕಪ್ ನೋಡಿಕೊಂಡರು. ನಾನು ಕೈ ಎತ್ತಿದೆ.

“ನಿನಗೆ ಕಷ್ಟ ಆಗಲ್ವಾ?” ಅಂದಳು.

“ಇಲ್ಲ. ಹೇಗೆ ನೋಡಬೇಕು ಅಂತ ನನಗೆ ಗೊತ್ತು.”

ಚಪ್ಪಾಳೆ ತಟ್ಟಿದರು. ಎಷ್ಟು ದೊಡ್ಡ ಮನಸ್ಸು ಅಂದುಕೊಂಡಿರಬೇಕು. ಮೇಯಲ್ಲಿ ಅವನು ತಪ್ಪಿಸಿಕೊಂಡರೂ ಜೂನಿನಲ್ಲಿ ನನ್ನ ಮೇಜಿನ ಮುಂದೆ ಬಂದು ನಿಲ್ಲಲೇಬೇಕು. ಕೊರೆದ ಮೂತಿ ಇಡೀ ಕ್ಲಬ್ಬಿನ ಎದುರಿಗೆ ನನ್ನ ಕೈಯಲ್ಲಿರುತ್ತದೆ. ಎರಡರಲ್ಲಿ ಒಂದು ಗ್ಯಾರಂಟಿ.

ಮಾರ್ಚ್ 30, ಭಾನುವಾರ

ಯುಗಾದಿ. ಕೊಮ್ಯೂನಿನವರ, ಅಂದರೆ ಇಲ್ಲಿನ ನಗರಸಭೆಯವರ, ಹಾಲ್ ಬಾಡಿಗೆಗೆ ಹಿಡಿದು ಕನ್ನಡದವರೆಲ್ಲ ಸೇರಿದ್ದೆವು, ದೂರದ ಉಮೆಯೊ ಊರಿಂದಲೂ ಎರಡು ಕಾರು ಬಂದಿತ್ತು. ಬರುವುದಿಲ್ಲ ಅಂದಿದ್ದೆ. ಆಮೇಲೆ, ಅವನಿಗೋಸ್ಕರ ನಾನ್ಯಾಕೆ ಹಬ್ಬ ಬಿಡಲಿ ಅನ್ನಿಸಿ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ದಪ್ಪ ಜಾಕೆಟ್ಟು ಹಾಕಿಕೊಂಡು ಹೋದೆ.

ಊಟಕ್ಕೆ ಕೂತಾಗ ಬಡಿಸುತ್ತಾ ಬಂದವನು ಅವನೇ. ನನ್ನ ಬಲಗಡೆಯಿಂದ ಬಂದ, ಹಾಗಾಗಿ ಧ್ವನಿ ಕೇಳುವವರೆಗೆ ಗೊತ್ತಾಗಲಿಲ್ಲ.

“ಒಬ್ಬಟ್ಟು ಹಾಕಲಾ ಅಕ್ಕ?”

ಪಕ್ಕದ ಸಾಲಿನವರೆಲ್ಲ ನಮ್ಮ ಕಡೆ ತಿರುಗಿದರು.

“ಎಷ್ಟು ಹಾಕ್ತೀಯ?” ಅಂದೆ. “ನೋಡ್ಕೊಂಡು ಹಾಕು ಗೋಪಿ. ನಾನು ಎಲ್ಲದನ್ನೂ ಜಾಸ್ತಿ ಹಾಕ್ಕೊಳ್ಳೋಳು ಅಂತ ನೀನೇ ಎಲ್ಲರಿಗೂ ಹೇಳಿದೀಯಲ್ಲ.”

ಅವನು ತಟ್ಟೆಯನ್ನು ಸರ್ರನೆ ಹಿಂದಕ್ಕೆಳೆದ. ತುಪ್ಪ ನನ್ನ ಸೆರಗಿಗೆ ಚೆಲ್ಲಿತು. ಅವನ ಹೆಂಡತಿ ಗೀತಾ ಓಡಿಬಂದು ಒರೆಸಲು ಕೂತಳು. ಆರು ತಿಂಗಳ ಬಸುರಿ. ನನಗೆ ಗೊತ್ತೇ ಇರಲಿಲ್ಲ.

“ನೀನು ಏಳಮ್ಮ, ಬಗ್ಗಬೇಡ” ಅಂದೆ. ಅಷ್ಟೇ ಅವಳಿಗೆ ಅಂದದ್ದು.

ಆಮೇಲೆ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, “ಏನೋ ಆಗಿಹೋಯ್ತಮ್ಮ. ನಾವಿರೋದೇ ನಾಲ್ಕು ಮನೆ. ಹಬ್ಬದ ದಿನ...” ಅಂದರು. “ನಿಮ್ಮ ಕಣ್ಣು ಸಾಲ ಕೊಡಿ, ನಾಳೆಯಿಂದ ಮಾತಾಡ್ತೀನಿ” ಅಂದೆ. ಸುಧೀರ್ ಜಾಕೆಟ್ಟು ತಂದು ಹೆಗಲಿಗೆ ಹಾಕಿದ.

ಮನೆಗೆ ಬಂದು ನೋಡಿದರೆ ಗೀತಾ ಸುಧೀರನ ಕೈಯಲ್ಲಿ ಮಾವಿನ ಉಪ್ಪಿನಕಾಯಿ ಕಳಿಸಿದ್ದಳು. ಉಪ್ಪಿನಕಾಯಿ ಊಟದ ಕಸದ ಕಂದು ಚೀಲಕ್ಕೆ, ಬಾಟಲಿ ತೊಳೆದು ಗಾಜಿನ ಡಬ್ಬಕ್ಕೆ, ಮುಚ್ಚಳ ಲೋಹದ ಡಬ್ಬಕ್ಕೆ. ಸೇಡಿನಲ್ಲೂ ಕಸ ಬೇರೆ ಬೇರೆ ಮಾಡಿದೆ. ಪೂರಾ ಈ ದೇಶದವಳೇ ಆಗಿಬಿಟ್ಟಿದ್ದೇನೆ.

ಏಪ್ರಿಲ್ 12, ಶನಿವಾರ

ಮರ ಕೂರುತ್ತಿದೆ. ಬರ್ಚ್ ದಿಮ್ಮಿ, ಮೂರು ವರ್ಷ ಒಣಗಿಸಿದ್ದು, ಗುನ್-ಬ್ರಿಟ್ ತನ್ನ ಸೌದೆ ಮನೆಯಿಂದ ಹುಡುಕಿ ಕೊಟ್ಟಿದ್ದಾಳೆ. ನಳಿಗೆಗೆ ದೀಪದ ಮಸಿ ಬಳಿದು ಮರದ ತೋಡಿನಲ್ಲಿ ಒತ್ತಿ ತೆಗೆಯುತ್ತೇನೆ. ಎಲ್ಲಿ ಮಸಿ ಅಂಟಿತೋ ಅಲ್ಲಿ ಒಂದು ಎಳೆ ಕೆರೆಯುವುದು, ಮತ್ತೆ ಒತ್ತುವುದು. ತೋಡಿನ ಉದ್ದಕ್ಕೂ ಒಂದೇ ಸಮ ಕಪ್ಪಾಗುವವರೆಗೆ ಬಿಡುವ ಹಾಗಿಲ್ಲ. ಕಣ್ಣಿಗೆ ತಿಳಿಯದ ಆಳ ಬೆರಳಿಗೆ ತಿಳಿಯುತ್ತದೆ. ಮಧ್ಯಾಹ್ನ ಊಟ ಮರೆತಿದ್ದೆ.

ಪರೀಕ್ಷೆಗೆ ಜನ ಕೋವಿ ತರಲು ಶುರು ಮಾಡಿದ್ದಾರೆ. ಪಂದ್ಯದ ದಿನದವರೆಗೆ ಕಾಯುವುದು ಬೇಡ, ಮೊದಲೇ ತಂದರೆ ರಿಪೇರಿಗೆ ಸಮಯ ಸಿಗುತ್ತದೆ ಅಂತ ನಾನೇ ಹೇಳಿದ್ದು. ಎರಡು ತಂತಿ ಮಾಡಿಕೊಂಡಿದ್ದೇನೆ. ತೆಳ್ಳಗಿನದು ಮೂತಿಯ ತೂತಿನಲ್ಲಿ ಹೋಗಬೇಕು, ದಪ್ಪದ್ದು ಹೋಗಬಾರದು. ಹೋದರೆ ಆ ಮೂತಿ ಕಸಕ್ಕೆ. ಹ್ಯಾಮರ್ ಅರ್ಧ ಎತ್ತಿದಾಗ ಟ್ರಿಗರ್ ಎಳೆದರೂ ಬೀಳಬಾರದು, ಅದು ಇನ್ನೊಂದು ಪರೀಕ್ಷೆ.

ಇವತ್ತು ಮೂರು ಕೋವಿ ಬಂದವು. ಒಂದರೊಳಗೆ ಹೋದ ವರ್ಷದ ಮದ್ದು, ಗುಂಡು ಹಾಗೇ ಕೂತಿತ್ತು! ಗಜ ಇಳಿಸಿದಾಗ ಬೆರಳುದ್ದ ಕಡಿಮೆ ಹೋಯಿತು. ಆ ಅಜ್ಜ ಮಗುವಿನ ಹಾಗೆ ಕೆಂಪಾದ. ನನಗೆ ನಗು ತಡೆಯಲಾಗಲಿಲ್ಲ, ಅವನಿಗೂ. ಆಮೇಲೆ ಚೆನ್ನಾಗಿ ಬೈದು, ರೇಂಜಿಗೆ ಒಯ್ದು ಹೇಗೆ ತೆಗೆಸಬೇಕು ಅಂತ ಹೇಳಿ ಕಳಿಸಿದೆ.

ಇದೆಲ್ಲ ಅಭ್ಯಾಸ. ಗೋಪಿಯ ಕೋವಿ ಬಂದಾಗ ಕೈ ನಡುಗಬಾರದಲ್ಲ.

ಅವನು ತಂದಿಲ್ಲ.

ಏಪ್ರಿಲ್ 27, ಭಾನುವಾರ

ದಿಶಾ ಗ್ಯಾರೇಜಿಗೆ ಬಂದು ಬೆಂಚಿನ ಮೇಲೆ ಕೂತು ಹೋಮ್‌ವರ್ಕ್ ಮಾಡಿದಳು. ಮರಕ್ಕೆ ಅಗಸೆ ಎಣ್ಣೆ ತಿಕ್ಕುತ್ತಾ ಇದ್ದೆ. “ಮಮ್ಮಾ, ನೀನು ಹಾಡು ಗುನುಗ್ತಿದೀಯ” ಅಂದಳು ಸ್ವೀಡಿಷ್‌ನಲ್ಲಿ. ಸುಳ್ಳು.

ಮೇ 10, ಶನಿವಾರ

ರೇಂಜ್ ತೆರೆಯಿತು. ನೆರಳಿನಲ್ಲಿ ಇನ್ನೂ ಹಿಮ ಇದೆಯಂತೆ. ಬೆಳಗಿನ ತಿಂಡಿ ಹೊತ್ತಿಗೆ ಸುಧೀರ್, “ಗೋಪಿ ಇವತ್ತು ರೇಂಜಿಗೆ ಹೋಗ್ತಾನಂತೆ, ಗೀತಾ ಅಂಗಡೀಲಿ ಸಿಕ್ಕಿದ್ಲು” ಅಂದ.

ಇಷ್ಟು ದಿನ ಇದಕ್ಕೇ ಕಾದಿದ್ದು. ದೋಸೆ ಅರ್ಧಕ್ಕೆ ಬಿಟ್ಟೆ, ಹಿಟ್ಟು ಹುಳಿಯಾಗಿತ್ತು. ಗ್ಯಾರೇಜಿಗೆ ಹೋದೆ, ಏನು ಮಾಡಲು ಹೋದೆ ಅಂತ ಮರೆತು ವಾಪಸ್ಸು ಬಂದೆ. ಫೋನನ್ನು ಕಿಟಕಿಯ ಹತ್ತಿರ ಇಟ್ಟೆ. ಅಲ್ಲಿಂದ ತಂದು ಜೇಬಿಗೆ ಹಾಕಿಕೊಂಡೆ. ಆಂಬುಲೆನ್ಸ್ ನಮ್ಮ ರಸ್ತೆಯಲ್ಲೇ ಹೋಗಬೇಕು. ಕಿವಿ ಅಲ್ಲೇ ಇತ್ತು.

ಆಮೇಲೆ ಗುನ್-ಬ್ರಿಟ್‌ಗೆ ಫೋನ್ ಮಾಡಿದೆ. ಪಂದ್ಯಕ್ಕೆ ಮಾತ್ರ ಅಲ್ಲ, ಪ್ರಾಕ್ಟೀಸಿಗೂ ನಾನು ನೋಡದ ಕೋವಿಯನ್ನು ಯಾರೂ ಹೊಡೆಯಬಾರದು, ಇವತ್ತಿನಿಂದಲೇ ಅಂದೆ. ಅವಳು ರೇಂಜಿನಲ್ಲೇ ಇದ್ದಳು. “ಸರಿ” ಅಂದಳು. ಅಲ್ಲಿಂದಲೇ ಕೂಗಿ ಹೇಳಿದ್ದು ಕೇಳಿಸಿತು.

ಇದಕ್ಕೆ ಕಾರಣ ಇದೆ. ನಾನಿಲ್ಲದಾಗ ಅವನು ಅಲ್ಲಿ ಮುಖ ಸುಟ್ಟುಕೊಂಡರೆ ನನಗೇನು ಸಿಕ್ಕಿತು? ಎಲ್ಲರೂ ಪಾಪ ಅಂತಾರೆ. ಮೂತಿಯನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾನೆ. ನನಗೆ ಅವನು ಮೇಜಿನ ಮುಂದೆ ಬೇಕು, ನೆಟ್ಟಗೆ ನಿಂತಿರಬೇಕು. ಅದಕ್ಕೇ ಫೋನ್ ಮಾಡಿದ್ದು.

ಮಧ್ಯಾಹ್ನ ಗಾಢ ನಿದ್ದೆ ಬಂತು.

ಮೇ 24, ಶನಿವಾರ

ಹೊಸ ಮರದಲ್ಲಿ ಮೊದಲ ಗುಂಡು. ಡೊಂಕು ಕೋವಿ ನೋಡಿ ಅಜ್ಜಂದಿರೆಲ್ಲ ಸುತ್ತ ಸೇರಿದರು. ಹ್ಯಾಮರ್ ಎತ್ತುವ ಮುಂಚೆ ನಾನು ಎರಡು ಸಲ ಕೇಪು ಮುಟ್ಟಿ ನೋಡಿದ್ದನ್ನು ಯಾರೂ ನೋಡಲಿಲ್ಲ, ಗುನ್-ಬ್ರಿಟ್ ಬಿಟ್ಟು. ಅವಳು ನನ್ನ ಬಲಗಡೆ ಬಂದು ನಿಂತಳು.

ಹೊಗೆ ಬಂತು. ಮುಖ ಮುಖದ ಜಾಗದಲ್ಲೇ ಇತ್ತು. ಗುಂಡು ಬೋರ್ಡಿನ ಅಂಚಿಗೆ ತಾಗಿತ್ತು, ಆದರೆ ಬೋರ್ಡಿಗೇ ತಾಗಿತ್ತು.

ಜೂನ್ 7, ಶನಿವಾರ

ಎಲ್ಲ ಬರೆಯುತ್ತೇನೆ, ಕ್ರಮವಾಗಿ.

ರೇಂಜಿನ ಗುಡಿಸಲಿನ ಮುಂದೆ ಮೇಜು ಹಾಕಿದ್ದರು. ನನ್ನ ಎಡಕ್ಕೆ ಗುನ್-ಬ್ರಿಟ್, ಹಸಿರು ಚೀಟಿಗಳನ್ನು ಹಿಡಿದುಕೊಂಡು. ಪಾಸಾದ ಕೋವಿಗೆ ಹಸಿರು ಚೀಟಿ ಅಂಟಿಸಬೇಕು. ಸೊಳ್ಳೆ ವಿಪರೀತ. ಗೋಪಿ ಐದನೆಯವನಾಗಿ ನಿಂತಿದ್ದ. ತೆಳ್ಳಗಾಗಿದ್ದಾನೆ. ಕೋವಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ, ನಳಿಗೆ ಗುಡ್ಡದ ಕಡೆಗೆ ತಿರುಗಿಸಿ, ನಿಯಮದ ಪ್ರಕಾರ.

“ಹೇಗಿದೀರಿ ಅಕ್ಕ?”

ಗಜ ಇಳಿಸಿದೆ, ಖಾಲಿ. ತೆಳ್ಳಗಿನ ತಂತಿ ಹಾಕಿದೆ, ಹೋಯಿತು. ದಪ್ಪ ತಂತಿ ಕೈಗೆ ತೆಗೆದುಕೊಂಡೆ. ಈ ಒಂದು ಕ್ಷಣಕ್ಕಾಗಿ ಇಡೀ ವಸಂತ ಕಳೆದಿದ್ದೆ. ತಂತಿಯ ತುದಿಯನ್ನು ಬೆರಳಿಂದ ಹುಡುಕಿ ತೂತಿಗೆ ಇಟ್ಟು ಒತ್ತಿದೆ.

ಹೋಗಲಿಲ್ಲ.

ಇನ್ನೊಮ್ಮೆ ಒತ್ತಿದೆ. ತಿರುಗಿಸಿ ಒತ್ತಿದೆ. ಹೋಗಲಿಲ್ಲ. ತೂತು ಎಷ್ಟಿರಬೇಕೋ ಅಷ್ಟೇ ಇತ್ತು.

“ಸರಿ ಇದೆಯಾ?” ಅಂದಳು ಗುನ್-ಬ್ರಿಟ್.

ಕಿವಿ ಬಿಸಿಯಾಯಿತು. ಅವನು ಮೆಲ್ಲಗೆ ಉಸಿರು ಬಿಟ್ಟದ್ದು ಕೇಳಿಸಿತು. ಆ ಉಸಿರು ಕೇಳಿಸದೇ ಹೋಗಿದ್ದರೆ ನಾನು ಚೀಟಿ ಅಂಟಿಸಿ ಮನೆಗೆ ಬಂದುಬಿಡುತ್ತಿದ್ದೆ. ಭೂತಗನ್ನಡಿ ತೆಗೆದು ನೋಡಿದೆ. ಹೊಸ ಉಕ್ಕು, ಅಂಗಡಿಯ ಮಾಲು, ಡ್ರಿಲ್ಲಿನ ಗುರುತಿಲ್ಲ.

“ಇದು ಯಾವಾಗ ಹಾಕಿದ್ದು ಗೋಪಿ?” ಅಂದೆ ಕನ್ನಡದಲ್ಲಿ.

“ಹೋದ ವರ್ಷ ಅಕ್ಕ.”

“ಹೋದ ವರ್ಷ ಯಾವಾಗ?”

“ಅಕ್ಕ, ಆಮೇಲೆ ಮಾತಾಡೋಣ. ಪ್ಲೀಸ್.”

ನಾನು ಸ್ವೀಡಿಷ್‌ಗೆ ಬದಲಾಯಿಸಿದೆ. ಜೋರಾಗಿ. “ಈ ಮೂತಿ ಯಾವಾಗ ಬದಲಾಯಿಸಿದೆ?”

ಸಾಲಿನಲ್ಲಿದ್ದವರು ತಲೆ ಎತ್ತಿದರು.

“ಸೆಪ್ಟೆಂಬರ್‌ನಲ್ಲಿ.”

“ನನ್ನ ಕೋವಿ ಸಿಡಿಯೋಕೆ ಮುಂಚೆಯೋ, ಆಮೇಲೋ?”

ಸೊಳ್ಳೆ ಅವನ ಹಣೆಯ ಮೇಲೆ ಕೂತಿತ್ತು. ಹೊಡೆದುಕೊಳ್ಳಲಿಲ್ಲ.

“ಆಮೇಲೆ.”

“ಯಾಕೆ? ಮದ್ದು ಜಾಸ್ತಿ ಹಾಕಿದ್ದು ನಾನು. ನಿನ್ನ ಮೂತಿಯನ್ನ ನೀನು ಯಾಕೆ ಬದಲಾಯಿಸಿದೆ?”

ಗುನ್-ಬ್ರಿಟ್ ಪೆನ್ನು ಕೆಳಗಿಟ್ಟಳು. ಅದು ಮೇಜಿನ ಮೇಲೆ ಉರುಳಿಹೋಗಿ ಹುಲ್ಲಿಗೆ ಬಿತ್ತು. ಯಾರೂ ಎತ್ತಲಿಲ್ಲ.

“ಎರಡನ್ನೂ ನಾನೇ ಡ್ರಿಲ್ ಮಾಡಿದ್ದೆ” ಅಂದ. ಸ್ವೀಡಿಷ್‌ನಲ್ಲೇ, ಎಲ್ಲರಿಗೂ ಕೇಳುವ ಹಾಗೆ. “ಮಾಲತಿಯದೂ, ನಂದೂ. ಅವರದನ್ನ ಬಿಚ್ಚಿ ತಗೊಂಡು ನದಿಗೆ ಎಸೆದೆ. ಅವರು ಮದ್ದು ಸರಿಯಾಗೇ ಹಾಕಿದ್ರು.”

ಈ ಮಾತು ಕೇಳಿದಾಗ ಹೇಗಿರುತ್ತದೆ ಅಂತ ಚಳಿಗಾಲವೆಲ್ಲ ಕಲ್ಪಿಸಿಕೊಂಡಿದ್ದೆ. ಹಾಗೇನೂ ಇರಲಿಲ್ಲ. ನಾನು ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಇವನು ಅಂಗಡಿಗೆ ಹೋಗಿ ಹೊಸ ಮೂತಿ ಕೊಂಡು ತನ್ನ ಕಣ್ಣು ಉಳಿಸಿಕೊಂಡಿದ್ದಾನೆ. ಆಮೇಲೆ ಬಂದು ಅಕ್ಕ ಮದ್ದು ಜಾಸ್ತಿ ಹಾಕಿದರು ಅಂದಿದ್ದಾನೆ. ಹೊಡೆಯಬೇಕು ಅನ್ನಿಸಿತು. ಅವನ ಕೋವಿ ನನ್ನ ಕೈಯಲ್ಲೇ ಇತ್ತು, ಭಾರವಾಗಿತ್ತು.

“ಮಾಲತಿ,” ಅಂದಳು ಗುನ್-ಬ್ರಿಟ್, “ಕೋವಿ?”

“ಕೋವಿ ಸರಿ ಇದೆ” ಅಂದೆ. ನನ್ನ ಕೆಲಸ ಕೋವಿ ನೋಡುವುದು. ಹಸಿರು ಚೀಟಿ ತೆಗೆದು ಅಂಟಿಸಿ ಅವನ ಕಡೆ ತಳ್ಳಿದೆ. “ಮುಂದಿನವರು.”

ಅವನು ಹೊಡೆಯಲಿಲ್ಲ, ಕೋವಿಯನ್ನು ಚೀಲಕ್ಕೆ ಹಾಕಿಕೊಂಡು ಬರ್ಚ್ ಮರಗಳ ನಡುವೆ ಪಾರ್ಕಿಂಗ್ ಕಡೆ ಹೋದ. ನಾನು ಉಳಿದ ಕೋವಿಗಳನ್ನು ನೋಡಿದೆ. ಒಂದರಲ್ಲಿ ತಂತಿ ಹೋಯಿತು, ಸವೆದ ಮೂತಿ. ಕೆಂಪು ಚೀಟಿ.

ಪಂದ್ಯದಲ್ಲಿ ನಾನು ಹದಿನಾಲ್ಕು ಜನರಲ್ಲಿ ಒಂಬತ್ತನೆಯವಳು.

ಫೆಬ್ರವರಿಯಿಂದ ನಾನು ಕಾದದ್ದೆಲ್ಲ ದಂಡ, ಅವನ ಕೋವಿಯಲ್ಲಿ ಏನೂ ಇರಲೇ ಇಲ್ಲ. ಮೇ ತಿಂಗಳ ಆ ಫೋನೂ ದಂಡ. ಸುಧೀರನಿಗೆ ಇದನ್ನು ಹೇಳಿಲ್ಲ.

ಜೂನ್ 10, ಮಂಗಳವಾರ

ಸಂಜೆ ಅವನು ಬಂದ. ಗ್ಯಾರೇಜಿನ ಬಾಗಿಲು ತೆರೆದಿತ್ತು. ಹೊಸ್ತಿಲ ಆಚೆಯೇ ನಿಂತ. ಒಳಗೆ ಬಾ ಅನ್ನಲಿಲ್ಲ.

“ಪೊಲೀಸ್ ಹತ್ರ ಹೋಗಿ ಬಂದೆ ಅಕ್ಕ. ಎಲ್ಲಾ ಹೇಳಿದೀನಿ. ಲೈಸೆನ್ಸು ಹೋಗುತ್ತೆ. ಕೇಸೂ ಆಗಬಹುದು.”

“ಆಗಲಿ.”

“ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದ್ದೆ ಆಗ. ಗೀತಾ ಬೇರೆ... ಭಯ ಆಯ್ತು. ಒಂದ್ಸಲ ಬಾಯಿಂದ ಬಂದ್ಬಿಡ್ತು. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲೇ ಇಲ್ಲ.”

“ನಾನು ನಿನ್ನ ಹತ್ರ ಕಾರಣ ಕೇಳಲಿಲ್ಲ ಗೋಪಿ.”

“ಕ್ಷಮಿಸಿ ಅಕ್ಕ.”

“ಇಲ್ಲ.”

ಅವನು ಅಳಲು ಶುರು ಮಾಡಿದ. ನಿಂತಲ್ಲೇ, ಕೈ ಇಳಿಬಿಟ್ಟುಕೊಂಡು. ಇದನ್ನೂ ಚಳಿಗಾಲದಲ್ಲಿ ಎಷ್ಟೋ ಸಲ ನೋಡಿದ್ದೆ, ಮನಸ್ಸಿನಲ್ಲಿ. ಈಗ ಎದುರಿಗೆ ಆಗುವಾಗ ಕತ್ತು ಬೇರೆ ಕಡೆ ತಿರುಗಿತು. ಬೆಂಚಿನ ಮೇಲಿದ್ದ ಉಳಿಗಳನ್ನು ಜೋಡಿಸಿದೆ.

“ಯಾವತ್ತಾದ್ರೂ...?” ಅಂದ.

“ಗೊತ್ತಿಲ್ಲ. ಇವತ್ತಲ್ಲ. ಗೀತಾಗೆ ಡೆಲಿವರಿ ಯಾವಾಗ?”

“ಇದೇ ತಿಂಗಳ ಕೊನೆಗೆ.”

“ಹಾಗಾದ್ರೆ ಮನೆಗೆ ಹೋಗು. ಅವಳೊಬ್ಬಳನ್ನೇ ಬಿಟ್ಟು ತಿರುಗಬೇಡ.”

ಹೋದ. ಕ್ಷಮಿಸಿಲ್ಲ. ಬರೆದಿಡುತ್ತಿದ್ದೇನೆ, ಆಮೇಲೆ ಸುಧೀರ್ ಏನೇನೋ ಅಂದುಕೊಳ್ಳಬಾರದು.

ಜುಲೈ 5, ಶನಿವಾರ

ಕ್ಲಬ್ಬಿನವರು ಹಳೆಯ ತೀರ್ಮಾನ ರದ್ದು ಮಾಡಿ ಬರೆದುಕೊಟ್ಟರು: ಗುಂಡು ಹಾಕಿದವಳ ತಪ್ಪಲ್ಲ. ಗೋಪಿಯನ್ನು ಕ್ಲಬ್ಬಿಂದ ತೆಗೆದರು. ಗುನ್-ಬ್ರಿಟ್ ದಾಲ್ಚಿನ್ನಿ ಬನ್ ತಂದಿದ್ದಳು, ಗ್ಯಾರೇಜಿನಲ್ಲೇ ಫೀಕಾ. ಮುಂದಿನ ಚಳಿಗಾಲ ಎಡಗೈಯವಳೊಬ್ಬಳಿಗೆ ಮರ ಕೆತ್ತಿಕೊಡುತ್ತೀಯಾ ಅಂತ ಕೇಳಿದಳು. ದಿಮ್ಮಿ ನೋಡಬೇಕು.

ಅವನಿಗೆ ಗಂಡು ಮಗುವಂತೆ.

ಆಗಸ್ಟ್ 17, ಭಾನುವಾರ

ತುಂಬಾ ದಿನ ಆಯಿತು ಬರೆದು. ಬರೆಯಲು ಪುರುಸೊತ್ತಾಗಲಿಲ್ಲ.

ದಿಶಾಗೆ ಹದಿನಾರು ತುಂಬಿತು. ಈ ದೇಶದಲ್ಲಿ ಹದಿನಾರಕ್ಕೆ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತು ಕಾರು ಕಲಿಸಬಹುದು. ಒಂದು ಕಣ್ಣಿನವಳೂ ಕಲಿಸಬಹುದು ಅಂತ ಡಾಕ್ಟರ ಕಾಗದ ಸಿಕ್ಕಿದೆ. ಸುಧೀರ್ ಪಕ್ಕದಲ್ಲಿ ಕೂತರೆ ಪ್ರತಿ ತಿರುವಿಗೂ “ಅಯ್ಯೋ” ಅನ್ನುತ್ತಾನೆ, ಅದಕ್ಕೇ ನಾನೇ ಬೇಕಂತೆ. ಅವಳು ಕೂರುವುದು ಎಡಗಡೆ, ಹಾಗಾಗಿ ಮುಖ ಪೂರ್ತಿ ಕಾಣಿಸುತ್ತದೆ. ಮೂಗು ಥೇಟ್ ನಮ್ಮಮ್ಮಂದು. ಇಷ್ಟು ದಿನ ಗಮನಿಸಿರಲಿಲ್ಲ.

ಕ್ಲಚ್ ಬಿಡುವುದು ಇನ್ನೂ ಒರಟು. ನದಿಯ ಪಕ್ಕದ ರಸ್ತೆಯಲ್ಲಿ ಮೂರನೇ ಗೇರಿಗೆ ಹೋದಳು, ಖುಷಿಗೆ ವೇಗವೂ ಏರಿತು. ಮುಂದೆ ರಸ್ತೆಯ ಅಂಚಿನಲ್ಲಿ ಯಾರೋ ಮಗುವಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಹತ್ತಿರ ಬಂದಾಗ ನಡಿಗೆಯಿಂದ ಗೊತ್ತಾಯಿತು.

“ಮಮ್ಮಾ, ಗೋಪಿ ಅಂಕಲ್” ಅಂದಳು ದಿಶಾ. ಸ್ಟೀರಿಂಗ್ ಮೇಲೆ ಅವಳ ಬೆರಳು ಬಿಗಿಯಾಯಿತು. “ಏನ್ಮಾಡ್ಲಿ? ನಿಲ್ಲಿಸ್ಲಾ?” ಇಷ್ಟು ಕನ್ನಡದಲ್ಲಿ.

“ನಿಲ್ಲಿಸೋದು ಬೇಡ. ಎರಡನೇ ಗೇರಿಗೆ ಬಾ. ಸ್ಲೋ ಮಾಡು, ಇನ್ನೂ ಸ್ಲೋ. ಎದುರಿಗೆ ಯಾರೂ ಇಲ್ಲ ನೋಡು, ಆ ಕಡೆಗೆ ಸರಿ. ಅವರಿಗೆ ಜಾಗ ಬಿಡು, ದೊಡ್ಡದಾಗಿ ಬಿಡು. ಹಾಂ. ಈಗ ಹೋಗು.”

ಚೆನ್ನಾಗಿ ಮಾಡಿದಳು. ವಾಪಸ್ಸು ಬರುವಾಗ ಪಾರ್ಕಿಂಗ್ ಮಾಡಿಸಿದೆ, ಅದು ಇನ್ನೂ ಕಲಿಯಬೇಕು.